ತಂಗುದಾಣದಿಂದ ಮನೆಗೆ: ಬೀದಿಯಲ್ಲಿ ಮಲಗುವವರ ಕೈಗೆ ಕೀಲಿಕೈ ಬರುವುದು ಹೇಗೆ?

ರಾತ್ರಿ ಹತ್ತೂವರೆ ಹೊತ್ತಿಗೆ ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಸುತ್ತ ಒಮ್ಮೆ ನಡೆದು ನೋಡಿ. ಅಂಗಡಿಗಳ ಶಟರ್ ಒಂದೊಂದಾಗಿ ಕೆಳಗಿಳಿಯುತ್ತಿರುತ್ತದೆ. ಬೀಗ ಬೀಳುವುದನ್ನೇ ಕಾಯುತ್ತಾ ಪಕ್ಕದಲ್ಲಿ ಕೆಲವರು ಕೂತಿರುತ್ತಾರೆ. ಅಂಗಡಿಯವರು ಸ್ಕೂಟರ್ ಹತ್ತಿ ಹೋದ ಮೇಲೆ ಇವರು ಕಟ್ಟೆ ಗುಡಿಸುತ್ತಾರೆ, ರಟ್ಟು ಹಾಸುತ್ತಾರೆ, ಮೇಲೊಂದು ಹಳೇ ಫ್ಲೆಕ್ಸ್ ಎಳೆದುಕೊಂಡು ಮಲಗುತ್ತಾರೆ. ಚಪ್ಪಲಿ ತಲೆಯ ಕೆಳಗೆ. ಬಟ್ಟೆ ಚೀಲದ ದಾರ ಕೈಗೋ ಕಾಲಿಗೋ ಸುತ್ತಿರುತ್ತದೆ. ನಿದ್ದೆಯಲ್ಲಿ ಯಾರಾದರೂ ಎಳೆದರೆ ಎಚ್ಚರ ಆಗಲಿ ಅಂತ. ಬೆಳಗಿನ ಜಾವ ಹೂವು, ತರಕಾರಿ ಲಾರಿಗಳು ಬರುವ ಹೊತ್ತಿಗೆ ಇವರು ಎದ್ದಾಗಿರುತ್ತದೆ. ಆ ಮೂಟೆ ಇಳಿಸುವವರಲ್ಲಿ ಇವರೂ ಇದ್ದಾರೆ.

ಇವರ ಮಾತು ಈಗ ಯಾಕೆ ಅಂದರೆ, 2011ರ ನಂತರ ದೇಶದಲ್ಲಿ ಮತ್ತೆ ಜನಗಣತಿ. ಬಹುತೇಕ ರಾಜ್ಯಗಳಲ್ಲಿ ಜನರ ತಲೆ ಎಣಿಕೆಗೆ ಗೊತ್ತಾದ ಸಮಯ 2027ರ ಫೆಬ್ರವರಿ. ಮನೆ ಇದ್ದವರನ್ನು ಎಣಿಸಲು ಗಣತಿಯವರು ವಾರಗಟ್ಟಲೆ ಮನೆಮನೆಗೆ ಬರುತ್ತಾರೆ. ಮನೆ ಇಲ್ಲದವರನ್ನು ಎಣಿಸುವುದು ಹಾಗಲ್ಲ. ಹಿಂದಿನ ಸಲ ಅವರನ್ನೆಲ್ಲ ಒಂದೇ ರಾತ್ರಿಯಲ್ಲಿ, ಅಂದರೆ 2011ರ ಫೆಬ್ರವರಿ 28ರ ರಾತ್ರಿ, ಅವರು ಮಲಗಿದ್ದ ಜಾಗಕ್ಕೇ ಹೋಗಿ ಎಣಿಸಲಾಗಿತ್ತು. ಆಗ ಸಿಕ್ಕ ಲೆಕ್ಕ ದೇಶಕ್ಕೆ ಸುಮಾರು 17.7 ಲಕ್ಷ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಪಟ್ಟಣ, ನಗರಗಳಲ್ಲಿದ್ದವರು. ಒಂದು ರಾತ್ರಿಯಲ್ಲಿ ಎಲ್ಲರೂ ಕಣ್ಣಿಗೆ ಬೀಳುವುದಿಲ್ಲ ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಎಣಿಸಿದ ಮೇಲೆ ಏನು? ಅಂಗಡಿ ಕಟ್ಟೆಯ ಮೇಲೆ ಮಲಗಿದವರು ಒಂದು ಬಾಗಿಲ ಒಳಗೆ ಬಂದು, ಅಲ್ಲೇ ನೆಲೆ ನಿಲ್ಲಲು ಏನೇನು ಬೇಕು? ಜಗತ್ತಿನ ಬೇರೆ ಬೇರೆ ಊರುಗಳು ಇದಕ್ಕೆ ಬೇರೆ ಬೇರೆ ದಾರಿ ಹಿಡಿದಿವೆ. ಕೆಲವು ದಾರಿ ಫಲ ಕೊಟ್ಟಿವೆ.

ಮನೆ ಇಲ್ಲ ಅಂದರೆ ಏನು ಅರ್ಥ?

ಜನಗಣತಿಯ ಲೆಕ್ಕದಲ್ಲಿ ಇದಕ್ಕೊಂದು ನೇರ ಅರ್ಥ ಇದೆ. ಸೂರಿರುವ ಕಟ್ಟಡದಲ್ಲಿ ವಾಸ ಇಲ್ಲದೆ ರಸ್ತೆ ಬದಿ, ಫುಟ್‌ಪಾತ್, ಫ್ಲೈಓವರ್ ಕೆಳಗೆ, ದೊಡ್ಡ ಪೈಪಿನೊಳಗೆ, ದೇವಸ್ಥಾನದ ಅಂಗಳದಲ್ಲಿ, ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಇರುವವರು ಮನೆ ಇಲ್ಲದವರು. ಸರ್ಕಾರಿ ಕಾಗದಗಳಲ್ಲಿ ವಸತಿರಹಿತರು, ನಿರಾಶ್ರಿತರು ಅನ್ನುವ ಪದ ಕಾಣುತ್ತದೆ.

ಕೊಳೆಗೇರಿಯವರು ಬೇರೆ, ಇವರು ಬೇರೆ. ಕೊಳೆಗೇರಿಯಲ್ಲಿ ತಗಡಿನದೋ ಹೆಂಚಿನದೋ ಒಂದು ಸೂರು ಇರುತ್ತದೆ, ಅಕ್ಕಪಕ್ಕದವರು ಇರುತ್ತಾರೆ, ಎಷ್ಟೋ ಕಡೆ ರೇಷನ್ ಕಾರ್ಡೂ ಇರುತ್ತದೆ. ಬೀದಿಯಲ್ಲಿ ಮಲಗುವವರಿಗೆ ಇದೊಂದೂ ಇಲ್ಲ. ಇವರೆಲ್ಲ ಭಿಕ್ಷೆ ಬೇಡುವವರು ಅನ್ನುವ ಭಾವನೆಯೂ ತಪ್ಪು. ಹಮಾಲಿ ಮಾಡುವವರು, ಚಿಂದಿ ಆಯುವವರು, ಗಾರೆ ಕೆಲಸದವರು, ಮದುವೆ ಮನೆಯಲ್ಲಿ ಪಾತ್ರೆ ತೊಳೆಯುವವರು, ತಳ್ಳುಗಾಡಿಯವರು ಇವರಲ್ಲಿದ್ದಾರೆ. ಮಕ್ಕಳು ಹೊರಹಾಕಿದ ಮುದುಕರು, ಗಂಡನ ಹೊಡೆತ ತಾಳಲಾರದೆ ಬಂದ ಹೆಂಗಸರು, ಮನಸ್ಸಿನ ಕಾಯಿಲೆಯಲ್ಲಿ ಊರು ಬಿಟ್ಟು ಹೆಸರನ್ನೂ ಮರೆತವರು ಇದ್ದಾರೆ.

ಇನ್ನೆರಡು ಮಾತು ಪದೇ ಪದೇ ಬರುತ್ತವೆ, ಅವನ್ನೂ ಈಗಲೇ ಬಿಡಿಸಿಕೊಳ್ಳೋಣ. ತಂಗುದಾಣ ಅಂದರೆ ರಾತ್ರಿ ಕಳೆಯಲು ಹಾಸಿಗೆ ಸಿಗುವ ಜಾಗ. ಒಂದು ಹಾಲ್, ಸಾಲು ಮಂಚ, ಎಲ್ಲರಿಗೂ ಸೇರಿ ಶೌಚಾಲಯ. ನೆಲೆಯಾದ ಮನೆ ಅಂದರೆ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಜಾಗ, ಬಾಡಿಗೆ ಕಟ್ಟುತ್ತಿರುವವರೆಗೆ 'ನಾಳೆ ಹೊರಡಿ' ಅಂತ ಯಾರೂ ಹೇಳಲಾಗದ ಜಾಗ, ನಿಮ್ಮ ಹೆಸರು ಕಾಗದದ ಮೇಲೆ ಇರುವ ಜಾಗ. ಬಸ್ ಸ್ಟ್ಯಾಂಡಿನ ಬೆಂಚಿಗೂ ಬಸ್ಸಿನೊಳಗಿನ ಸೀಟಿಗೂ ಇರುವಷ್ಟು ದೂರ ಇವೆರಡರ ನಡುವೆ ಇದೆ. ಬೆಂಚು ಮಳೆಯಿಂದ ಕಾಪಾಡುತ್ತದೆ. ಊರು ಸೇರಿಸುವುದು ಸೀಟು.

ದುಡಿಯುತ್ತಾರೆ, ಆದರೂ ಬಾಡಿಗೆ ಮನೆ ಯಾಕೆ ಹಿಡಿಯಲ್ಲ?

ಈ ಪ್ರಶ್ನೆ ನ್ಯಾಯವಾದದ್ದೇ. ಉತ್ತರಕ್ಕೆ ಒಂದು ಸಣ್ಣ ಲೆಕ್ಕ ಮಾಡೋಣ.

ದೂರದ ಬಡಾವಣೆಯಲ್ಲಿ ಒಂದು ಕೋಣೆಗೆ ತಿಂಗಳಿಗೆ 4,000 ರೂಪಾಯಿ ಬಾಡಿಗೆ ಅಂತ ಇಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವುದು ಹಳೇ ರೂಢಿ. ಅಂದರೆ ಒಳಗೆ ಕಾಲಿಡುವ ಮೊದಲೇ 40,000. ದಿನಕ್ಕೆ 500 ದುಡಿದು, ಅದರಲ್ಲಿ 100 ಉಳಿಸಿದರೂ ಆ ಮೊತ್ತಕ್ಕೆ 400 ದಿನ ಬೇಕು. ಕೆಲಸ ದಿನಾ ಇರುವುದಿಲ್ಲ. ಉಳಿಸಿದ ದುಡ್ಡು ಇಡಲು ಬೀಗ ಹಾಕುವ ಪೆಟ್ಟಿಗೆಯೂ ಇಲ್ಲ. ಒಂದು ರಾತ್ರಿಯ ಕಳ್ಳತನಕ್ಕೆ ಮೂರು ತಿಂಗಳ ಉಳಿತಾಯ ಹೋಗಬಹುದು.

ಬೀದಿಯಲ್ಲಿ ಇರುವುದಕ್ಕೂ ಖರ್ಚು ಇದೆ ಅನ್ನುವುದು ನಮಗೆ ಹೊಳೆಯುವುದೇ ಇಲ್ಲ. ಶೌಚಾಲಯಕ್ಕೆ ದುಡ್ಡು, ಸ್ನಾನಕ್ಕೆ ದುಡ್ಡು, ಕುಡಿಯುವ ನೀರಿಗೆ ದುಡ್ಡು. ಒಲೆ ಇಲ್ಲದ್ದರಿಂದ ಮೂರು ಹೊತ್ತೂ ಹೊರಗಡೆ ಊಟ. 2017ರಲ್ಲಿ ಶುರುವಾದ ಇಂದಿರಾ ಕ್ಯಾಂಟೀನಿನಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಅಂತ ಗೊತ್ತುಮಾಡಿದ್ದು ಇವರ ಪಾಲಿಗೆ ನಿಜಕ್ಕೂ ದೊಡ್ಡ ಆಸರೆ. ಆದರೆ ಮನೆಯಲ್ಲಿ ಒಂದು ಸೇರು ಅಕ್ಕಿ ಬೇಯಿಸಿ ನಾಲ್ಕು ಜನ ಉಣ್ಣುವಷ್ಟು ಅಗ್ಗ ಬೀದಿಯಲ್ಲಿ ಯಾವುದೂ ಅಲ್ಲ.

ಇನ್ನೊಂದು ಕಾರಣ, ಕೆಲಸದ ಜಾಗ. ಬೆಳಗಿನ ಜಾವ ಮೂರೂವರೆಗೆ ಮೂಟೆ ಇಳಿಸಬೇಕಾದವರು ಊರ ಹೊರಗಿನ ಕೋಣೆಯಿಂದ ಬರುವುದು ಹೇಗೆ? ಆ ಹೊತ್ತಿಗೆ ಬಸ್ ಸಿಗುವುದು ಕಷ್ಟ. ಮಾರ್ಕೆಟ್ ಕಟ್ಟೆಯ ಮೇಲೆ ಮಲಗಿದವರಿಗೇ ಮೊದಲ ಲೋಡು ಸಿಗುವುದು. ಮುಂಬೈನ ಫುಟ್‌ಪಾತ್ ನಿವಾಸಿಗಳ ಪರವಾಗಿ ಪತ್ರಕರ್ತೆ ಓಲ್ಗಾ ಟೆಲ್ಲಿಸ್ ಮತ್ತಿತರರು ಹೂಡಿದ್ದ ಪ್ರಕರಣದಲ್ಲಿ 1985ರಲ್ಲಿ ಸುಪ್ರೀಂ ಕೋರ್ಟ್ ಈ ಸಂಗತಿಯನ್ನೇ ಗುರುತಿಸಿತು. ಜನ ಫುಟ್‌ಪಾತಿನಲ್ಲಿ ಇರುವುದು ಅಲ್ಲಿ ಹತ್ತಿರ ಕೆಲಸ ಇರುವುದರಿಂದ, ಅಲ್ಲಿಂದ ಎಬ್ಬಿಸಿದರೆ ಹೊಟ್ಟೆಪಾಡಿಗೇ ಕಲ್ಲು ಬೀಳುತ್ತದೆ ಎಂದು ಕೋರ್ಟ್ ಕಂಡುಕೊಂಡಿತು. ಬದುಕುವ ಹಕ್ಕಿನಲ್ಲಿ ದುಡಿದು ಬದುಕುವ ಹಕ್ಕೂ ಸೇರಿದೆ ಎಂದು ಹೇಳಿತು. ಆದರೆ ಫುಟ್‌ಪಾತನ್ನು ಮನೆ ಮಾಡಿಕೊಳ್ಳುವ ಹಕ್ಕು ಯಾರಿಗೂ ಇಲ್ಲ ಎಂದೂ ಅದೇ ತೀರ್ಪು ಹೇಳಿತು. ತೆರವು ಮಾಡುವ ಮೊದಲು ನೋಟಿಸ್ ಕೊಟ್ಟು ಅವರ ಮಾತು ಕೇಳುವುದು ಸಾಮಾನ್ಯ ನಿಯಮ ಆಗಿರಬೇಕು ಅನ್ನುವುದು ಅದರ ಮತ್ತೊಂದು ಅಂಶ.

ಅದಕ್ಕೇ ಊರಾಚೆ ಎಲ್ಲೋ ಕಟ್ಟಿ ಕೊಟ್ಟ ಮನೆಗಳನ್ನು ಬಿಟ್ಟು ಜನ ಮತ್ತೆ ಮಾರ್ಕೆಟ್ ಕಟ್ಟೆಗೆ ಬರುತ್ತಾರೆ. ಅದನ್ನು ನೋಡಿ 'ಕೊಟ್ಟರೂ ಇರಲ್ಲ' ಅನ್ನುತ್ತೇವೆ. ಮನೆ ಸಿಕ್ಕಿತು, ಆದರೆ ಕೂಲಿ ಹೋಯಿತು ಅನ್ನುವುದು ಅಲ್ಲಿ ನಡೆದ ಸಂಗತಿ.

ತಂಗುದಾಣ: ಜೀವ ಉಳಿಸುವ ಮೊದಲ ಹೆಜ್ಜೆ

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಚುರುಕು ಬಂದದ್ದು 2010ರ ಜನವರಿಯಲ್ಲಿ. ದೆಹಲಿಯ ಕೊರೆಯುವ ಚಳಿಯಲ್ಲಿ ಪೂಸಾ ರಸ್ತೆಯ ಒಂದು ತಾತ್ಕಾಲಿಕ ತಂಗುದಾಣವನ್ನು ತೆಗೆಸಿಹಾಕಿದ್ದರು. ಬೀದಿಗೆ ಬಿದ್ದವರಲ್ಲಿ ಸಾವುಗಳಾದವು ಅನ್ನುವ ಸುದ್ದಿ ಆಹಾರದ ಹಕ್ಕಿನ ಪ್ರಕರಣ ನಡೆಯುತ್ತಿದ್ದ ಸುಪ್ರೀಂ ಕೋರ್ಟ್‌ಗೆ ಮುಟ್ಟಿತು. ಅದೇ ಪ್ರಕರಣದಲ್ಲಿ ಮುಂದೆ ಎಲ್ಲ ರಾಜ್ಯಗಳಿಗೂ ಅನ್ವಯವಾಗುವ ಆದೇಶಗಳು ಬಂದವು: ದೊಡ್ಡ ನಗರಗಳಲ್ಲಿ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಒಂದು ತಂಗುದಾಣ ಇರಬೇಕು, ಅದು ವರ್ಷವಿಡೀ, ಹಗಲು ರಾತ್ರಿ ತೆರೆದಿರಬೇಕು.

2013ರಲ್ಲಿ ಕೇಂದ್ರ ಸರ್ಕಾರ ನಗರ ಜೀವನೋಪಾಯ ಅಭಿಯಾನದ ಕೆಳಗೆ ಇದಕ್ಕೊಂದು ಯೋಜನೆಯನ್ನೇ ಮಾಡಿತು. ಪ್ರತಿ ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನರಿಗೆ ಜಾಗ, ಒಬ್ಬೊಬ್ಬರಿಗೆ ಕನಿಷ್ಠ 50 ಚದರ ಅಡಿ, ನೀರು, ಶೌಚಾಲಯ, ಬೆಳಕು, ಅಡುಗೆಗೆ ಜಾಗ. ಹೆಂಗಸರಿಗೆ, ಕುಟುಂಬಗಳಿಗೆ, ಮುದುಕರಿಗೆ, ಕಾಯಿಲೆಯಿಂದ ಚೇತರಿಸಿಕೊಳ್ಳುವವರಿಗೆ ಬೇರೆ ಬೇರೆ ತಂಗುದಾಣ ಇರಬಹುದು. 2011ರಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು 84 ಲಕ್ಷ. ಆ ಲೆಕ್ಕದಲ್ಲೇ 84 ತಂಗುದಾಣ ಬೇಕಿತ್ತು. ಅಷ್ಟು ಇಲ್ಲ.

ಇದ್ದರೂ ಕೆಲವರು ಯಾಕೆ ಹೋಗುವುದಿಲ್ಲ? ಗಂಡ, ಹೆಂಡತಿ, ಮಗು ಒಟ್ಟಿಗೆ ಇರಲು ಎಲ್ಲ ಕಡೆ ಜಾಗ ಇರುವುದಿಲ್ಲ. ಚಿಂದಿಯ ಮೂಟೆ ಅವರ ಬಂಡವಾಳ, ಅದನ್ನು ಒಳಗೆ ಬಿಡುವುದಿಲ್ಲ. ತಳ್ಳುಗಾಡಿ ಹೊರಗೆ ಬಿಟ್ಟರೆ ಬೆಳಿಗ್ಗೆ ಇರುವುದಿಲ್ಲ. ರಾತ್ರಿ ಕೆಲಸ ಮಾಡುವವರಿಗೆ ಹಗಲು ಮಲಗಲು ಜಾಗ ಬೇಕು. ಸಾಕಿದ ನಾಯಿಯನ್ನು ಬಿಟ್ಟು ಬರಲಾರದವರೂ ಇದ್ದಾರೆ, ಆ ನಾಯಿಯೇ ರಾತ್ರಿಯ ಕಾವಲು. ಇವೆಲ್ಲ ಸಣ್ಣ ಕಾರಣ ಅಂತ ಅನ್ನಿಸಬಹುದು. ಅವರ ಜಾಗದಲ್ಲಿ ನಿಂತರೆ ಒಂದೊಂದೂ ದೊಡ್ಡದೇ.

ಚಳಿ, ಮಳೆ, ಕಳ್ಳರು, ಕುಡುಕರಿಂದ ತಂಗುದಾಣ ಜೀವ ಉಳಿಸುತ್ತದೆ. ಅದು ಬೇಕೇ ಬೇಕು. ಆದರೆ ಅಲ್ಲಿಂದ ಮುಂದಿನ ದಾರಿ ಇಲ್ಲದಿದ್ದರೆ ಜನ ವರ್ಷಗಟ್ಟಲೆ ಅಲ್ಲೇ ಉಳಿಯುತ್ತಾರೆ, ಹೊಸಬರಿಗೆ ಮಂಚ ಖಾಲಿಯಾಗುವುದೇ ಇಲ್ಲ.

ಮೆಟ್ಟಿಲು ಹತ್ತಿ ಬನ್ನಿ, ಆಮೇಲೆ ಮನೆ

ಬಹಳ ಕಾಲ ಜಗತ್ತಿನ ಹೆಚ್ಚಿನ ಕಡೆ ಒಂದೇ ವಿಧಾನ ಇತ್ತು. ಮೊದಲು ತಂಗುದಾಣಕ್ಕೆ ಬನ್ನಿ. ಕುಡಿತ ಬಿಡಿ. ಔಷಧಿ ತಗೊಳ್ಳಿ. ಕೆಲಸ ಹುಡುಕಿ. ಇಷ್ಟೂ ಆಗಿ, 'ಇವರು ಮನೆಗೆ ತಯಾರಾಗಿದ್ದಾರೆ' ಅಂತ ಅಧಿಕಾರಿಗಳಿಗೆ ಅನ್ನಿಸಿದರೆ ಕೊನೆಗೆ ಮನೆ. ಇದನ್ನು ಮೆಟ್ಟಿಲು ವಿಧಾನ ಅನ್ನೋಣ. ಯಾವುದಾದರೂ ಮೆಟ್ಟಿಲಲ್ಲಿ ಕಾಲು ಜಾರಿದರೆ ಮತ್ತೆ ಕೆಳಗಿನಿಂದ ಶುರು.

ಕೇಳಲು ಸರಿಯಾಗಿಯೇ ಇದೆ. ಆದರೆ ಹೊಸದಾಗಿ ಈಜು ಕಲಿಯುವವರನ್ನು ನೆನೆಸಿಕೊಳ್ಳಿ. ನೀರಿಗಿಳಿಯದೆ ದಡದಲ್ಲೇ ನಿಂತು ಈಜು ಕಲಿತು ತೋರಿಸು ಅಂದರೆ ಯಾರಿಗೆ ಸಾಧ್ಯ? ನಿದ್ದೆ ಇಲ್ಲದವರು ಔಷಧಿಯನ್ನು ಹೊತ್ತಿಗೆ ಸರಿಯಾಗಿ ತಗೊಳ್ಳುವುದು ಹೇಗೆ? ಮಾತ್ರೆ ಚೀಟಿ ಇಡುವುದು ಎಲ್ಲಿ? ನಾಳೆ ಕೆಲಸದ ಸಂದರ್ಶನಕ್ಕೆ ಅಂಗಿ ಇಸ್ತ್ರಿ ಮಾಡುವುದು ಎಲ್ಲಿ? ಭಯ, ಚಳಿ ಮರೆಯಲೆಂದೇ ಕುಡಿಯುವವರು ಅದೇ ಭಯ, ಚಳಿಯ ನಡುವೆ ಇದ್ದುಕೊಂಡು ಬಿಡುವುದು ಹೇಗೆ?

1992ರಲ್ಲಿ ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ ಈ ಸಾಲನ್ನು ತಲೆಕೆಳಗು ಮಾಡಿದರು. ಮನಸ್ಸಿನ ಕಾಯಿಲೆ ಇದ್ದು ಬೀದಿಯಲ್ಲಿದ್ದವರಿಗೆ ಅವರ ಸಂಸ್ಥೆ ಮೊದಲು ಸಾಮಾನ್ಯ ಬಾಡಿಗೆ ಮನೆ ಕೊಡಿಸಿತು. ಕುಡಿತ ಬಿಡಬೇಕು, ಚಿಕಿತ್ಸೆಗೆ ಒಪ್ಪಲೇಬೇಕು ಎಂಬ ಷರತ್ತು ಇರಲಿಲ್ಲ. ಆದಾಯದಲ್ಲಿ ಒಂದು ಪಾಲು ಬಾಡಿಗೆಗೆ ಕೊಡಬೇಕು, ಸಂಸ್ಥೆಯ ಸಿಬ್ಬಂದಿ ಮನೆಗೆ ಬಂದು ಹೋಗುವುದಕ್ಕೆ ಒಪ್ಪಬೇಕು, ಇಷ್ಟೇ. ವೈದ್ಯರು, ನರ್ಸ್, ಕೆಲಸ ಹುಡುಕಿಕೊಡುವವರ ತಂಡ ಬೆನ್ನಿಗೆ ಇತ್ತು. ಈ ವಿಧಾನಕ್ಕೆ ಬಂದ ಹೆಸರಿನ ಅರ್ಥ ಕನ್ನಡದಲ್ಲಿ 'ಮೊದಲು ಮನೆ'.

ಇಲ್ಲಿ ಒಂದು ಗೊಂದಲ ಆಗುವುದುಂಟು. 'ಮೊದಲು ಮನೆ' ಅಂದರೆ ಕೀಲಿಕೈ ಕೊಟ್ಟು ಸುಮ್ನೆ ಕೈತೊಳೆದುಕೊಳ್ಳುವುದಲ್ಲ. ಮನೆ ಒಂದು ಕೈ, ಜೊತೆಗೆ ನಿಲ್ಲುವ ಜನ ಇನ್ನೊಂದು ಕೈ. ಬರೀ ಮನೆ ಕೊಟ್ಟು ಎರಡನೆಯದನ್ನು ಬಿಟ್ಟ ಕಡೆ ಮನೆ ಉಳಿಸಿಕೊಳ್ಳುವುದು ಕಷ್ಟವಾಗುತ್ತದೆ.

ಫಿನ್ಲೆಂಡ್ ಮಾಡಿದ್ದು ಏನು?

ಈ ವಿಧಾನವನ್ನು ಒಂದು ದೇಶವೇ ಕೈಗೆತ್ತಿಕೊಂಡ ಉದಾಹರಣೆ ಅಂದರೆ ಫಿನ್ಲೆಂಡ್. ಸುಮಾರು 55 ಲಕ್ಷ ಜನರ ದೇಶ. ಚಳಿಗಾಲದಲ್ಲಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೂ ಹೋಗುತ್ತದೆ, ಹೊರಗೆ ಮಲಗಿದರೆ ಬೆಳಗಾಗುವುದೇ ಅನುಮಾನ. 1980ರ ದಶಕದ ಕೊನೆಯಲ್ಲಿ ಅಲ್ಲಿ ಮನೆ ಇಲ್ಲದವರ ಸಂಖ್ಯೆ 18 ಸಾವಿರಕ್ಕೂ ಜಾಸ್ತಿ ಇತ್ತು.

1985ರಲ್ಲಿ ಅಲ್ಲಿ ವೈ ಫೌಂಡೇಶನ್ ಎಂಬ ಸಂಸ್ಥೆ ಹುಟ್ಟಿತು. ಅದು ಮಾಡಿದ ಕೆಲಸ ಸರಳ. ಸಾಮಾನ್ಯ ಅಪಾರ್ಟ್‌ಮೆಂಟ್‌ಗಳಲ್ಲಿ ಅಲ್ಲೊಂದು ಇಲ್ಲೊಂದು ಫ್ಲಾಟ್ ಕೊಂಡು ಮನೆ ಇಲ್ಲದವರಿಗೆ ಬಾಡಿಗೆಗೆ ಸಿಗುವಂತೆ ಮಾಡಿತು. ಒಂದೇ ಕಡೆ ಗುಂಪಾಗಿ ಇಡದೆ ಊರಿನೊಳಗೆ ಬೆರೆಸಿತು. 2008ರಲ್ಲಿ ಸರ್ಕಾರವೇ 'ಮೊದಲು ಮನೆ' ತತ್ವದ ಮೇಲೆ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು. ಕೇಂದ್ರ ಸರ್ಕಾರ, ನಗರಸಭೆಗಳು, ಸಂಸ್ಥೆಗಳು ಒಟ್ಟಿಗೆ ಕೂತು ಯಾರು ಎಷ್ಟು ಮನೆ ಕೊಡಬೇಕು ಎಂದು ಗೊತ್ತುಮಾಡಿಕೊಂಡರು.

ಅಲ್ಲಿನ ಒಂದು ಕಟ್ಟಡವನ್ನೇ ಹತ್ತಿರದಿಂದ ನೋಡೋಣ. ರಾಜಧಾನಿ ಹೆಲ್ಸಿಂಕಿಯ ಆಲ್ಪಿಕಾಟು ರಸ್ತೆಯಲ್ಲಿ ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾ ಸಂಸ್ಥೆ ನಡೆಸುತ್ತಿದ್ದ ದೊಡ್ಡ ತಂಗುದಾಣ ಇತ್ತು. ಸುಮಾರು 250 ಹಾಸಿಗೆ. ಅದನ್ನು ಒಡೆದು ಒಳಗಡೆ ಸುಮಾರು 80 ಸಣ್ಣ ಫ್ಲಾಟ್ ಮಾಡಿದರು. ಪ್ರತಿ ಫ್ಲಾಟಿಗೆ ತನ್ನದೇ ಬಾಗಿಲು, ಅಡುಗೆ ಮಾಡಿಕೊಳ್ಳಲು ಜಾಗ. ಒಳಗಿದ್ದವರು ಇನ್ನು ಮೇಲೆ ಬಾಡಿಗೆದಾರರು. ಅವರ ಹೆಸರಿನಲ್ಲೇ ಕರಾರು ಪತ್ರ, ಅವರೇ ಬಾಡಿಗೆ ಕಟ್ಟಬೇಕು. ಆದಾಯ ಸಾಲದವರಿಗೆ ಸರ್ಕಾರದ ವಸತಿ ಭತ್ಯೆ. ಸಿಬ್ಬಂದಿ ಅದೇ ಕಟ್ಟಡದಲ್ಲಿ ಇರುತ್ತಾರೆ. 250 ಜನರ ಜಾಗದಲ್ಲಿ 80 ಜನ ಅಂದರೆ ಮಿಕ್ಕವರು ಎಲ್ಲಿ ಹೋದರು ಅಂತ ಕೇಳಬೇಕು. ಅದಕ್ಕೇ ತಂಗುದಾಣ ಮುಚ್ಚುವುದೂ ಬೇರೆ ಕಡೆ ಮನೆ ಹೊಂದಿಸುವುದೂ ಒಟ್ಟೊಟ್ಟಿಗೆ ನಡೆಯಬೇಕಾಯಿತು. ಹೆಲ್ಸಿಂಕಿಯಲ್ಲಿ 1985ರಲ್ಲಿ 2,121 ತಂಗುದಾಣದ ಹಾಸಿಗೆ ಇದ್ದವು. 2016ರ ಹೊತ್ತಿಗೆ ಉಳಿದದ್ದು 52.

ದೇಶದ ಲೆಕ್ಕದಲ್ಲಿ 2023ರ ಕೊನೆಗೆ ಮನೆ ಇಲ್ಲದವರು 3,429. ಆ ಲೆಕ್ಕದಲ್ಲಿ ಗೆಳೆಯರ, ನೆಂಟರ ಮನೆಯಲ್ಲಿ ತಾತ್ಕಾಲಿಕವಾಗಿ ಇರುವವರೂ ಸೇರುತ್ತಾರೆ. ಹೆಚ್ಚಿನವರು ಅಂಥವರೇ. ನಮ್ಮ ಜನಗಣತಿ ಅಂಥವರನ್ನು ಮನೆ ಇಲ್ಲದವರು ಅಂತ ಎಣಿಸುವುದೇ ಇಲ್ಲ. ಹಾಗಾಗಿ ಎರಡು ದೇಶದ ಸಂಖ್ಯೆಯನ್ನು ಪಕ್ಕಪಕ್ಕ ಇಟ್ಟು ಹೋಲಿಸಬಾರದು.

2024ರಲ್ಲಿ ಆ ಸಂಖ್ಯೆ ಮತ್ತೆ 3,806ಕ್ಕೆ ಏರಿತು. ಎಷ್ಟೋ ವರ್ಷಗಳ ಇಳಿಕೆಯ ನಂತರ ಬಂದ ಏರಿಕೆ ಅದು. ಅದೇ ವರ್ಷ ಅಲ್ಲಿನ ಸರ್ಕಾರ ವಸತಿ ಭತ್ಯೆಯನ್ನು ಕಡಿತ ಮಾಡಿತ್ತು. ಮನೆ ಕಟ್ಟುವುದಕ್ಕಷ್ಟೇ ಅಲ್ಲ, ತಿಂಗಳು ತಿಂಗಳು ಬಾಡಿಗೆಗೆ ಆಸರೆಯಾಗುವುದಕ್ಕೂ ಹಣ ಬೇಕು. ಒಂದು ಸಲ ಮಾಡಿ ಮುಗಿಸುವ ಕೆಲಸ ಇದಲ್ಲ.

ಇದು ನಿಜವಾಗಿ ಕೆಲಸ ಮಾಡುತ್ತದಾ?

ಇದನ್ನು ಚೆನ್ನಾಗಿ ಪರೀಕ್ಷೆ ಮಾಡಿದ್ದು ಕೆನಡಾ. 2009ರಿಂದ 2013ರವರೆಗೆ ಐದು ನಗರಗಳಲ್ಲಿ, ಮನಸ್ಸಿನ ಕಾಯಿಲೆ ಇದ್ದು ಮನೆ ಇಲ್ಲದ 2,000ಕ್ಕೂ ಜಾಸ್ತಿ ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 'ಮೊದಲು ಮನೆ'. ಇನ್ನೊಂದು ಗುಂಪಿಗೆ ಊರಿನಲ್ಲಿ ಆಗಲೇ ಇದ್ದ ಸೌಲಭ್ಯ. ಹೊಸ ಔಷಧಿಯನ್ನು ಪರೀಕ್ಷೆ ಮಾಡುವ ಕ್ರಮವೇ ಇದು.

ಅಧ್ಯಯನದ ಕೊನೆಯ ಆರು ತಿಂಗಳಲ್ಲಿ ಮೊದಲ ಗುಂಪಿನ ಶೇ. 62 ಜನ ಒಂದು ದಿನವೂ ಬಿಡದೆ ಮನೆಯಲ್ಲಿದ್ದರು. ಎರಡನೇ ಗುಂಪಿನಲ್ಲಿ ಅದು ಶೇ. 31. ಸರಿಯಾಗಿ ದುಪ್ಪಟ್ಟು. ಹಣದ ಲೆಕ್ಕವೂ ಹೊರಬಂತು. ಆಸ್ಪತ್ರೆ, ಆಂಬುಲೆನ್ಸ್, ಪೊಲೀಸ್ ಅಂತ ಅತಿ ಹೆಚ್ಚು ಖರ್ಚು ಬರುತ್ತಿದ್ದ ಶೇ. 10 ಜನರ ವಿಷಯದಲ್ಲಿ, ಮನೆಗೆ ಹಾಕಿದ ಪ್ರತಿ 10 ಡಾಲರ್‌ಗೆ ಬೇರೆ ಕಡೆ 21 ಡಾಲರ್‌ಗೂ ಜಾಸ್ತಿ ಉಳಿಯಿತು. ಎಲ್ಲರ ವಿಷಯದಲ್ಲೂ ಇಷ್ಟು ಉಳಿತಾಯ ಆಗಲಿಲ್ಲ.

ಮಿತಿಯೂ ಕಂಡಿತು. ಕಾಯಿಲೆಯ ಲಕ್ಷಣ, ಕುಡಿತ, ಮಾದಕ ವಸ್ತುವಿನ ವಿಷಯದಲ್ಲಿ ಎರಡೂ ಗುಂಪು ಹೆಚ್ಚು ಕಡಿಮೆ ಒಂದೇ ರೀತಿ ಸುಧಾರಿಸಿದವು. ಮನೆ ಕೊಟ್ಟರೆ ಕಾಯಿಲೆ ತಾನಾಗಿ ವಾಸಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮನೆ ಕೊಟ್ಟರೆ ಮನೆ ಇಲ್ಲದ ಸ್ಥಿತಿ ಮುಗಿಯುತ್ತದೆ. ನನಗಂತೂ ಅದೇ ಸಾಕಷ್ಟು ದೊಡ್ಡ ಮಾತು ಅನ್ನಿಸುತ್ತದೆ.

ನಮ್ಮ ಪಕ್ಕದಲ್ಲೇ ಒಂದು ಪ್ರಯೋಗ

ಶ್ರೀಮಂತ ದೇಶಗಳಿಗೆ ಆಯಿತು, ನಮಗೆ ಹೇಗೆ ಅಂತ ಕೇಳುವವರಿಗೆ ಚೆನ್ನೈ ತೋರಿಸಬೇಕು. ಅಲ್ಲಿ 1993ರಲ್ಲಿ ವಂದನಾ ಗೋಪಿಕುಮಾರ್ ಮತ್ತು ವೈಷ್ಣವಿ ಜಯಕುಮಾರ್ ಶುರು ಮಾಡಿದ ದಿ ಬ್ಯಾನ್ಯನ್ ಎಂಬ ಸಂಸ್ಥೆ, ಮನಸ್ಸಿನ ಕಾಯಿಲೆಯಿಂದ ಬೀದಿ ಪಾಲಾದ ಹೆಂಗಸರನ್ನು ಕರೆತಂದು ಚಿಕಿತ್ಸೆ ಕೊಡುತ್ತಿತ್ತು. ಗುಣವಾದ ಮೇಲೆ ಎಷ್ಟೋ ಜನ ತವರಿಗೋ ಗಂಡನ ಮನೆಗೋ ಮರಳಿದರು. ಆದರೆ ಹೋಗಲು ಜಾಗವೇ ಇಲ್ಲದವರು, ಮನೆಯವರು ಬೇಡ ಅಂದವರು ಉಳಿದುಬಿಟ್ಟರು. ಕಾಯಿಲೆ ವಾಸಿಯಾಗಿದ್ದರೂ ಆಸ್ಪತ್ರೆಯ ವಾರ್ಡೇ ಅವರ ವಿಳಾಸ.

2015ರಲ್ಲಿ ಸಂಸ್ಥೆ 'ಹೋಮ್ ಅಗೇನ್' ಶುರು ಮಾಡಿತು. ಸಾಮಾನ್ಯ ಬೀದಿಗಳಲ್ಲಿ, ಹಳ್ಳಿಗಳಲ್ಲಿ ಮನೆ ಬಾಡಿಗೆ ಹಿಡಿದು, ಒಬ್ಬರಿಗೊಬ್ಬರು ಹೊಂದಿಕೊಂಡ ನಾಲ್ಕೈದು ಹೆಂಗಸರು ಒಂದು ಮನೆಯಲ್ಲಿ ಇರುವಂತೆ ಮಾಡಿತು. ಅಡುಗೆ ಏನು ಅಂತ ಅವರೇ ತೀರ್ಮಾನ ಮಾಡುತ್ತಾರೆ. ಸಂತೆಗೆ ಅವರೇ ಹೋಗುತ್ತಾರೆ. ಸಹಾಯಕ್ಕೆ ತರಬೇತಿ ಪಡೆದ ಸಿಬ್ಬಂದಿ ಇರುತ್ತಾರೆ. ವಾರ್ಡಿನಲ್ಲಿ ಗಂಟೆ ಹೊಡೆದಾಗ ತಟ್ಟೆ ಹಿಡಿದು ನಿಲ್ಲುವುದಕ್ಕೂ, 'ಇವತ್ತು ಸಾರಿಗೆ ನುಗ್ಗೇಕಾಯಿ ಹಾಕೋಣ' ಅನ್ನುವುದಕ್ಕೂ ಇರುವ ದೂರವೇ ಇಲ್ಲಿನ ಗುಟ್ಟು. ಆಮೇಲೆ ಈ ಮಾದರಿ ಬೇರೆ ರಾಜ್ಯಗಳಿಗೂ ಹೋಯಿತು.

2017ರ ಮಾನಸಿಕ ಆರೋಗ್ಯ ಕಾಯ್ದೆ ಇದಕ್ಕೆ ಬಲ ಕೊಟ್ಟಿದೆ. ಮನಸ್ಸಿನ ಕಾಯಿಲೆ ಇರುವವರಿಗೆ ಸಮಾಜದ ನಡುವೆಯೇ ಬದುಕುವ ಹಕ್ಕು ಇದೆ. ಮನೆ ಇಲ್ಲ, ಮನೆಯವರು ಬೇಡ ಅಂದರು ಅನ್ನುವ ಕಾರಣಕ್ಕೆ ಅವರನ್ನು ಆಸ್ಪತ್ರೆಯಲ್ಲೇ ಉಳಿಸಿಕೊಳ್ಳುವಂತಿಲ್ಲ. ಮನೆ ಇಲ್ಲದವರಿಗೆ ಬಿಪಿಎಲ್ ಕಾರ್ಡ್ ಇಲ್ಲದಿದ್ದರೂ ಸರ್ಕಾರಿ ಆಸ್ಪತ್ರೆಯಲ್ಲಿ ಮನೋರೋಗದ ಚಿಕಿತ್ಸೆ ಉಚಿತ.

ವಿಳಾಸ ಇಲ್ಲದವರಿಗೆ ಕಾಗದ ಎಲ್ಲಿಂದ?

ಮನೆ ಬಾಡಿಗೆಗೆ ಬೇಕಾದರೆ ಆಧಾರ್ ಕೇಳುತ್ತಾರೆ. ಆಧಾರ್ ಮಾಡಿಸಲು ವಿಳಾಸ ಕೇಳುತ್ತಾರೆ. ವಿಳಾಸಕ್ಕೆ ಮನೆ ಬೇಕು. ಬೀದಿಯಲ್ಲಿರುವವರು ಈ ಸುತ್ತಿನಲ್ಲೇ ವರ್ಷಗಟ್ಟಲೆ ತಿರುಗುತ್ತಾರೆ. ಹೊರಬರಲು ಎರಡು ದಾರಿ ಇವೆ.

ಒಂದು, ಮಾನ್ಯತೆ ಇರುವ ಆಶ್ರಯ ಕೇಂದ್ರದ ಮುಖ್ಯಸ್ಥರು ಆಧಾರ್‌ನ ನಿಗದಿತ ನಮೂನೆಯಲ್ಲಿ ಫೋಟೊ ಅಂಟಿಸಿ ಪ್ರಮಾಣಪತ್ರ ಕೊಡಬಹುದು. ಆಗ ತಂಗುದಾಣದ ವಿಳಾಸವೇ ಅವರ ವಿಳಾಸ ಆಗುತ್ತದೆ. ತಂಗುದಾಣಕ್ಕೆ ಬರೀ ಹಾಸಿಗೆಗಿಂತ ದೊಡ್ಡ ಬೆಲೆ ಬರುವುದು ಇಲ್ಲಿ.

ಎರಡನೆಯದು ಮತದಾರರ ಪಟ್ಟಿ. ಮನೆ ಇಲ್ಲದವರು ನಮೂನೆ 6ರಲ್ಲಿ ತಾವು ಮಲಗುವ ಜಾಗವನ್ನೇ ಬರೆಯಬಹುದು. ವಿಳಾಸದ ದಾಖಲೆ ಬೇಡ. ಮತಗಟ್ಟೆ ಅಧಿಕಾರಿ ರಾತ್ರಿ ಹೊತ್ತು ಆ ಜಾಗಕ್ಕೆ ಹೋಗಿ, ಅವರು ನಿಜವಾಗಿ ಅಲ್ಲೇ ಮಲಗುತ್ತಾರಾ ಅಂತ ಒಂದಕ್ಕಿಂತ ಹೆಚ್ಚು ರಾತ್ರಿ ನೋಡಿ ಖಚಿತ ಮಾಡಿಕೊಳ್ಳುತ್ತಾರೆ. ಈ ನಿಯಮ ಓದಿದಾಗ ನನಗೆ ಮನಸ್ಸು ತುಂಬಿ ಬಂದಿತ್ತು. ಅಂಗಡಿ ಕಟ್ಟೆಯನ್ನೂ ಒಂದು ವಿಳಾಸ ಅಂತ ಒಪ್ಪುವ ಸರ್ಕಾರಿ ಕಾಗದ ಅದು.

ಸರ್ಕಾರದ ಮನೆ ಯೋಜನೆ ಇವರಿಗೆ ಯಾಕೆ ಎಟಕುವುದಿಲ್ಲ?

ಪ್ರಧಾನ ಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದಲ್ಲಿ ಒಂದು ದಾರಿ ಸ್ವಂತ ಜಾಗ ಇದ್ದವರು ಮನೆ ಕಟ್ಟಿಕೊಳ್ಳಲು ನೆರವು. ಇನ್ನೊಂದು ದಾರಿ ಕಟ್ಟಿದ ಫ್ಲಾಟನ್ನು ಕಡಿಮೆ ಬೆಲೆಗೆ ಕೊಳ್ಳುವುದು. ಮೊದಲನೆಯದಕ್ಕೆ ಜಾಗ ಬೇಕು, ಎರಡನೆಯದಕ್ಕೆ ಫಲಾನುಭವಿಯ ಪಾಲಿನ ಹಣ ಅಥವಾ ಬ್ಯಾಂಕ್ ಸಾಲ ಬೇಕು. ಬೀದಿಯಲ್ಲಿ ಇರುವವರ ಹತ್ತಿರ ಎರಡೂ ಇಲ್ಲ.

ಅವರಿಗೆ ಹತ್ತಿರವಾಗುವುದು ಬಾಡಿಗೆ ಮನೆ. ಕೊರೊನಾ ಕಾಲದಲ್ಲಿ ವಲಸೆ ಕಾರ್ಮಿಕರು ಊರಿಗೆ ನಡೆದು ಹೋದದ್ದನ್ನು ಕಂಡ ಮೇಲೆ, 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ಕೈಗೆಟಕುವ ಬಾಡಿಗೆ ವಸತಿ ಸಮುಚ್ಚಯ ಎಂಬ ಯೋಜನೆ ತಂದಿತು. ಸರ್ಕಾರಿ ಹಣದಲ್ಲಿ ಕಟ್ಟಿ ಖಾಲಿ ಬಿದ್ದ ಮನೆಗಳನ್ನು ಬಾಡಿಗೆಗೆ ಕೊಡುವುದು, ಜೊತೆಗೆ ಹೊಸದಾಗಿ ಬಾಡಿಗೆ ಮನೆ ಕಟ್ಟಿಸುವುದು ಅದರ ಉದ್ದೇಶ. 2024ರಲ್ಲಿ ಬಂದ ಆವಾಸ್ ಯೋಜನೆಯ ಎರಡನೇ ಆವೃತ್ತಿಯಲ್ಲೂ ಬಾಡಿಗೆ ವಸತಿಗೆ ಬೇರೆಯೇ ಭಾಗ ಇದೆ. ಅಡ್ವಾನ್ಸ್ ವಿಷಯಕ್ಕೆ ಬಂದರೆ, ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಮುಂಗಡ ಬೇಡ ಅನ್ನುತ್ತದೆ. ಮಾದರಿ ಕಾಯ್ದೆ ತಾನಾಗಿ ಜಾರಿಗೆ ಬರುವುದಿಲ್ಲ. ಅದನ್ನು ರಾಜ್ಯಗಳು ತಮ್ಮ ಕಾನೂನಾಗಿ ಮಾಡಿಕೊಳ್ಳಬೇಕು. ನಾವು ಮಾಡಿದ ಲೆಕ್ಕಕ್ಕೆ ಹೊಂದಿಸಿ ನೋಡಿ: 40,000ದ ಜಾಗದಲ್ಲಿ 8,000 ಸಾಕು. 400 ದಿನದ ಉಳಿತಾಯ 80 ದಿನಕ್ಕೆ ಇಳಿಯುತ್ತದೆ.

ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯೂ ಇದೆ. ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ. 3 ಭಿಕ್ಷುಕರ ಸೆಸ್ ಸೇರಿರುವುದು ಈ ಕಾಯ್ದೆಯಿಂದ. ಭಿಕ್ಷೆ ಬೇಡುವವರನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಇಡಲು ಅದು ದಾರಿ ಮಾಡುತ್ತದೆ. ಆದರೆ ಹಿಡಿದು ತಂದು ಇಡುವ ಜಾಗ ಬೇರೆ, ಒಪ್ಪಿ ಬಂದು ಇರುವ ಮನೆ ಬೇರೆ.

ಕೀಲಿಕೈ ಸಿಕ್ಕ ಮೇಲಿನ ದಿನಗಳು

ಮನೆ ಸಿಕ್ಕಿದ ಮೊದಲ ವಾರಗಳು ನಾವು ಅಂದುಕೊಂಡಷ್ಟು ಖುಷಿಯಲ್ಲಿ ಇರುವುದಿಲ್ಲ. ವರ್ಷಗಟ್ಟಲೆ ಬೀದಿಯಲ್ಲಿ ಇದ್ದವರಿಗೆ ಮಂಚದ ಮೇಲೆ ನಿದ್ದೆ ಹತ್ತುವುದಿಲ್ಲ, ಬಾಗಿಲ ಹತ್ತಿರ ನೆಲದ ಮೇಲೆ ಮಲಗುತ್ತಾರೆ. ಸದ್ದಿಲ್ಲದ ಕೋಣೆ ಭಯ ಹುಟ್ಟಿಸುತ್ತದೆ. ಬೀದಿಯ ಗೆಳೆಯರನ್ನು ಹೊರಗೆ ಬಿಟ್ಟು ತಾನೊಬ್ಬನೇ ಒಳಗೆ ಮಲಗಲು ಮನಸ್ಸು ಬರುವುದಿಲ್ಲ. ಕರೆದರೆ ನಾಲ್ಕು ಜನ ಬರುತ್ತಾರೆ, ಗಲಾಟೆ ಆಗುತ್ತದೆ, ಪಕ್ಕದ ಮನೆಯವರು ದೂರು ಕೊಡುತ್ತಾರೆ. ಕರೆಂಟ್ ಬಿಲ್ ಕಟ್ಟುವುದು, ಗ್ಯಾಸ್ ಬುಕ್ ಮಾಡುವುದು, ಕಸ ಹಸಿ ಒಣ ಅಂತ ಬೇರೆ ಮಾಡುವುದು, ಎಲ್ಲ ಹೊಸದು. ಬೆನ್ನಿಗೆ ನಿಲ್ಲುವವರು ಹೆಚ್ಚು ಬೇಕಾಗುವುದು ಈ ದಿನಗಳಲ್ಲೇ.

ಕೊನೆಗೆ ಮನೆ ಮಾಲೀಕರ ಪ್ರಶ್ನೆ. ಇದನ್ನು ಓದುತ್ತಿರುವವರಲ್ಲಿ ಮೇಲಿನ ಮಹಡಿಯ ಒಂದು ಕೋಣೆ ಬಾಡಿಗೆಗೆ ಕೊಟ್ಟವರು ಇರುತ್ತೀರಿ. ಬಾಡಿಗೆ ಬರದಿದ್ದರೆ ಏನು ಮಾಡಲಿ, ಏನಾದರೂ ಆದರೆ ಯಾರಿಗೆ ಫೋನ್ ಮಾಡಲಿ ಅನ್ನುವ ನಿಮ್ಮ ಆತಂಕ ನಿಜವಾದದ್ದು. ಫಲ ಕೊಟ್ಟ ಮಾದರಿಗಳು ಅದಕ್ಕೂ ಉತ್ತರ ಹುಡುಕಿಕೊಂಡಿವೆ. ಚೆನ್ನೈನಲ್ಲಿ ಬಾಡಿಗೆ ಹಿಡಿಯುವುದು ಸಂಸ್ಥೆ. ಫಿನ್ಲೆಂಡಿನಲ್ಲಿ ಫ್ಲಾಟಿನ ಒಡೆತನವೇ ಸಂಸ್ಥೆಯದು. ಹೊಣೆ ಹೊರುವವರು ನಡುವೆ ನಿಂತಾಗ ಮಾಲೀಕರಿಗೆ ಬಾಡಿಗೆ ನಿಲ್ಲುವ ಭಯ ಕಡಿಮೆ, ಒಳಗೆ ಇರುವವರಿಗೆ ಬೀದಿಗೆ ಬೀಳುವ ಭಯ ಕಡಿಮೆ.

ನಿಮ್ಮ ಬೀದಿಯಲ್ಲಿ ಯಾರಾದರೂ ಮಲಗಿದ್ದು ಕಂಡರೆ ಕರೆ ಮಾಡುವ ಮೊದಲು ಅವರನ್ನೇ ಒಮ್ಮೆ ಮಾತಾಡಿಸಿ. ಹಿರಿಯರಾದರೆ ಸಹಾಯವಾಣಿ 14567, ಮಕ್ಕಳಾದರೆ 1098, ಮನಸ್ಸಿನ ತೊಂದರೆಗೆ 14416, ಜೀವಕ್ಕೆ ಅಪಾಯ ಇದ್ದರೆ 112. ಮಾತಾಡಿಸುವಾಗ ನಿಂತು ಕೇಳಬೇಡಿ, ಪಕ್ಕದಲ್ಲಿ ಕೂತು ಕೇಳಿ. 'ಅಣ್ಣಾ, ಊಟ ಆಯ್ತಾ?' ಅಂತ ಶುರು ಮಾಡಿದರೆ ಹೆಸರು, ಊರು, ಮಾಡುವ ಕೆಲಸ ಎಲ್ಲ ತಾನಾಗಿ ಬರುತ್ತದೆ.